ಹನ್ನೆರಡು ಮನೆಗಳ ಪಟ್ಟಿ ಬದಿಗಿಟ್ಟು ಇಂಗ್ಲಿಷ್ ಕಾಲಗಳನ್ನು ಕಲಿಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್‌ಬುಕ್ ತೆರೆದು ನೋಡಿ. ಇಂಗ್ಲಿಷ್ ವ್ಯಾಕರಣದ ಪುಟದಲ್ಲಿ ಆ ಪಟ್ಟಿ ಇದ್ದೇ ಇರುತ್ತದೆ: ಮೂರು ಕಾಲ, ಒಂದೊಂದಕ್ಕೆ ನಾಲ್ಕು ಬಗೆ, ಒಟ್ಟು ಹನ್ನೆರಡು ಮನೆ. ಪ್ರತಿ ಮನೆಯಲ್ಲಿ ನೀಲಿ ಶಾಯಿಯಲ್ಲಿ ಸೂತ್ರ, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಕನ್ನಡದ ಜೋಡಿ: ‘ಉತ್ತೇನೆ’, ‘ಉತ್ತಿದ್ದೇನೆ’, ‘ಇದ್ದೇನೆ’, ‘ಇದ್ದೆ’. ಪಟ್ಟಿ ಬಾಯಿಪಾಠವಾಗಿರುತ್ತದೆ. ಆದರೂ ಸಂದರ್ಶನದಲ್ಲಿ ಪದವಿ ಯಾವಾಗ ಮುಗಿಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರೆ “ಐ ಹ್ಯಾವ್ ಕಂಪ್ಲೀಟೆಡ್ ಇನ್ 2022” ಎಂಬ ಉತ್ತರ ಬರುತ್ತದೆ. ಪ್ರಶ್ನೆ ತಿಳಿಯದಿದ್ದರೆ “ಐ ಆ್ಯಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್” ಬರುತ್ತದೆ. ನಿನ್ನೆ ಏನು ಮಾಡಿದಿರಿ ಎಂದರೆ “ಐ ಹ್ಯಾಡ್ ಗಾನ್ ಟು ಗದಗ” ಬರುತ್ತದೆ.

ಈ ತಪ್ಪುಗಳ ಬೇರು ಆ ಕೆಂಪು ಶಾಯಿಯಲ್ಲಿದೆ. ಇಂಗ್ಲಿಷಿನ ಒಂದೊಂದು ರೂಪಕ್ಕೂ ಕನ್ನಡದ ಒಂದು ಪ್ರತ್ಯಯವನ್ನು ಗಂಟು ಹಾಕಿದ್ದೇವೆ. ಆದರೆ ಎರಡು ಭಾಷೆಗಳೂ ಒಂದೇ ಘಟನೆಯನ್ನು ಬೇರೆ ಬೇರೆ ಜಾಗದಲ್ಲಿ ನಿಂತು ನೋಡುತ್ತವೆ. ಮಾತನಾಡುವವನು ಎಲ್ಲಿ ನಿಂತಿದ್ದಾನೆ, ಘಟನೆಯನ್ನು ಎಷ್ಟು ದೂರದಿಂದ, ಒಳಗಿನಿಂದಲೋ ಹೊರಗಿನಿಂದಲೋ ನೋಡುತ್ತಿದ್ದಾನೆ ಎಂಬುದರಿಂದ ವ್ಯಾಕರಣವನ್ನು ವಿವರಿಸುವ ಶಾಸ್ತ್ರಕ್ಕೆ ಕಾಗ್ನಿಟಿವ್ ಲಿಂಗ್ವಿಸ್ಟಿಕ್ಸ್ ಎಂದು ಹೆಸರು. ಅದರಲ್ಲಿ ರೊನಾಲ್ಡ್ ಲ್ಯಾಂಗ್ಯಾಕರ್ ರೂಪಿಸಿದ ಕಾಗ್ನಿಟಿವ್ ಗ್ರಾಮರ್ ಕಾಲಗಳ ವಿಷಯದಲ್ಲಿ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕೆಳಗಿನ ಹಂತಗಳು ಆ ನೋಟವನ್ನು ಕನ್ನಡ ಮಾತನಾಡುವವರ ಕಷ್ಟಕ್ಕೆ ಹೊಂದಿಸಿದವು. ಕ್ರಮ ಬದಲಿಸಬೇಡಿ, ಮೂರನೆಯ ಹಂತ ಗಟ್ಟಿಯಾಗದೆ ಐದನೆಯದಕ್ಕೆ ಹಾರಿದವರು ಮತ್ತೆ ಪಟ್ಟಿಗೇ ಮರಳುತ್ತಾರೆ.

## ಮೊದಲು ಸಿದ್ಧಪಡಿಸಿಕೊಳ್ಳಬೇಕಾದವು

ಒಂದು ಹೊಸ ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಧ್ವನಿ ಮುದ್ರಿಸಿಕೊಳ್ಳಲು ಮೊಬೈಲ್, ಯಾವುದಾದರೂ ಇಂಗ್ಲಿಷ್ ದಿನಪತ್ರಿಕೆಯ ಒಂದು ಪುಟ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ಸಿಕ್ಕರೆ ಒಳ್ಳೆಯದು; ಯಾವ ಕ್ರಿಯಾಪದಕ್ಕೆ ‘ಇಂಗ್’ ಸಾಮಾನ್ಯವಾಗಿ ಹತ್ತುವುದಿಲ್ಲ ಎಂಬುದನ್ನು ಅಂಥ ನಿಘಂಟುಗಳು ಗುರುತಿಸಿರುತ್ತವೆ.

ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಓದುವಾಗ ಬಾಯಿಬಿಟ್ಟು ಹೇಳಿ, ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಬರೆದುಕೊಳ್ಳಿ. ಕನ್ನಡ ಅರ್ಥವನ್ನು ಪಕ್ಕದಲ್ಲಿ ಬರೆಯಬೇಡಿ. ಬರೆದರೆ ಕೆಂಪು ಶಾಯಿ ಮತ್ತೆ ಬಂದಂತೆಯೇ.

## ಹಂತ 1: ಹನ್ನೆರಡನ್ನು ಎರಡಕ್ಕೆ ಇಳಿಸುವುದು

ಇಂಗ್ಲಿಷ್ ಕ್ರಿಯಾಪದ ತನ್ನ ರೂಪವನ್ನೇ ಬದಲಿಸಿ ತೋರಿಸುವ ಕಾಲಗಳು ಎರಡೇ: ‘ವರ್ಕ್, ವರ್ಕ್ಸ್’ ಒಂದು, ‘ವರ್ಕ್ಡ್’ ಇನ್ನೊಂದು. ಭವಿಷ್ಯಕ್ಕೆಂದು ಇಂಗ್ಲಿಷಿನಲ್ಲಿ ಪ್ರತ್ಯಯವೇ ಇಲ್ಲ. ‘ವಿಲ್’ ಎಂಬುದು ‘ಕ್ಯಾನ್’, ‘ಮೇ’, ‘ಮಸ್ಟ್’ ಗುಂಪಿನ ಸಹಾಯಕ ಕ್ರಿಯಾಪದ.

ಉಳಿದದ್ದೆಲ್ಲ ಈ ಎರಡರ ಮೇಲೆ ಕೂರುವ ಎರಡು ನೋಟಗಳು: ‘ಬಿ’ ಜೊತೆ ‘ಇಂಗ್’ ಒಂದು, ‘ಹ್ಯಾವ್’ ಇನ್ನೊಂದು. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರೇ ಪ್ರಶ್ನೆ ಬರೆಯಿರಿ. ಹತ್ತಿರವೋ ದೂರವೋ? ಒಳಗೋ ಹೊರಗೋ? ಈಗ ನಿಂತು ಹಿಂದಕ್ಕೆ ನೋಡುತ್ತಿದ್ದೇನೆಯೇ? ಇನ್ನು ಮುಂದೆ ಪ್ರತಿ ವಾಕ್ಯಕ್ಕೂ ಇವನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು.

## ಹಂತ 2: ಹತ್ತಿರ ಮತ್ತು ದೂರ

ಭೂತಕಾಲದ ರೂಪ ಕಳೆದುಹೋದ ಸಮಯವನ್ನು ಮಾತ್ರ ಹೇಳುತ್ತದೆ ಎಂದುಕೊಂಡರೆ ಇಂಗ್ಲಿಷಿನ ಅರ್ಧ ವಾಕ್ಯಗಳು ಒಗಟಾಗುತ್ತವೆ. “ಇಫ್ ಐ ಹ್ಯಾಡ್ ಮನಿ” ಎನ್ನುವವನು ಹಿಂದಿನದನ್ನು ಹೇಳುತ್ತಿಲ್ಲ. ಈಗ ಹಣವಿಲ್ಲ, ಅಷ್ಟೇ. “ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್” ಎನ್ನುವವಳಿಗೆ ಕೇಳುವ ಆಸೆ ಮುಗಿದುಹೋಗಿಲ್ಲ, ಈಗಲೇ ಕೇಳುತ್ತಾಳೆ. ಮೂರರಲ್ಲೂ ಇರುವ ಸಮಾನ ಅಂಶ ದೂರ: ಸಮಯದ ದೂರ, ವಾಸ್ತವದಿಂದ ದೂರ, ಎದುರಿಗಿರುವ ವ್ಯಕ್ತಿಯಿಂದ ಮರ್ಯಾದೆಯ ದೂರ.

ಇದು ನಮಗೆ ಹೊಸದಲ್ಲ. ಕಾಲೇಜಿನ ಪ್ರಾಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು ನಾವು “ಸರ್, ಒಂದು ವಿಷಯ ಕೇಳಬೇಕಿತ್ತು” ಎನ್ನುತ್ತೇವೆ. ‘ಇತ್ತು’ ಭೂತಕಾಲ, ಕೇಳಬೇಕಾಗಿರುವುದು ಈಗ. ‘ಕೇಳಬೇಕು’ ಎಂದರೆ ಮಾತು ಒರಟಾಗುತ್ತದೆ ಎಂದು ನಮ್ಮ ನಾಲಿಗೆಗೆ ಗೊತ್ತು. ಹಾಗೆಯೇ ನಾಳಿನ ಮಳೆಯ ಬಗ್ಗೆ ಹೇಳುವಾಗಲೂ ‘ಮಳೆ ಬಂದರೆ’ ಎನ್ನುತ್ತೇವೆ. ಆ ‘ಬಂದರೆ’ ಕಟ್ಟಿಕೊಂಡಿರುವುದು ‘ಬಂದ’ ಎಂಬ ಭೂತಕಾಲದ ಅಂಗದ ಮೇಲೆ. ಇನ್ನೂ ನಡೆಯದ್ದನ್ನು, ಊಹೆಯದ್ದನ್ನು ಭೂತದ ರೂಪದಲ್ಲಿ ಹೇಳುವ ಅಭ್ಯಾಸ ನಮ್ಮಲ್ಲಿ ಹಳೆಯದು. ಈ ಎರಡು ಉದಾಹರಣೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಇಂಗ್ಲಿಷಿನ “ಕುಡ್ ಯು”, “ವುಡ್ ಯು”, “ಐ ವಾಸ್ ವಂಡರಿಂಗ್” ಎಲ್ಲವೂ ಒಂದೇ ಬುಡದಿಂದ ಬಂದವೆಂದು ಕಾಣುತ್ತದೆ.

ಆದರೆ ಒಂದು ಜಾಗದಲ್ಲಿ ದಾರಿ ಕವಲೊಡೆಯುತ್ತದೆ. ನಮ್ಮ ‘ಅವನು ಬಂದರೆ’ ಎಂಬುದು ಬರುವ ಸಾಧ್ಯತೆ ಇದ್ದಾಗಲೂ ಹೌದು, ಇಲ್ಲದಾಗಲೂ ಹೌದು. ಇಂಗ್ಲಿಷ್ ಅದನ್ನು ಎರಡಾಗಿ ಒಡೆಯುತ್ತದೆ. ಬರಬಹುದಾದವನಿಗೆ “ಇಫ್ ಹಿ ಕಮ್ಸ್”, ಬರುವುದು ಸಂಶಯ ಎನ್ನುವವನಿಗೆ “ಇಫ್ ಹಿ ಕೇಮ್”. “ಇಫ್ ಹಿ ವಿಲ್ ಕಮ್” ಎಂದು ಬಾಯಿಗೆ ಬಂದರೆ ನೀವು ದೂರವನ್ನು ಅಳೆಯದೆ ಕ್ಯಾಲೆಂಡರ್ ನೋಡಿದ್ದೀರಿ ಎಂದರ್ಥ.

ಇನ್ನೊಂದು ಎಚ್ಚರಿಕೆ. ಹೊರಗಿನಿಂದ ಯಾರೋ ಕೂಗಿದಾಗ ನಾವು “ಬಂದೆ, ಬಂದೆ” ಎನ್ನುತ್ತೇವೆ. ಇನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ. ಬರುವುದು ಖಚಿತ ಎಂಬುದಕ್ಕೆ ಅಲ್ಲಿ ಭೂತದ ರೂಪ. ಇಂಗ್ಲಿಷಿನ ಭೂತರೂಪಕ್ಕೆ ಈ ಕೆಲಸ ಗೊತ್ತಿಲ್ಲ. ಅಲ್ಲಿ “ಕಮಿಂಗ್” ಎನ್ನಬೇಕು.

ಅಭ್ಯಾಸ: ದಿನಪತ್ರಿಕೆಯ ಪುಟದಲ್ಲಿ ಭೂತರೂಪದ ಕ್ರಿಯಾಪದಗಳಿಗೆಲ್ಲ ಒಂದು ಬಣ್ಣದ ಗೆರೆ ಎಳೆಯಿರಿ. ಪ್ರತಿಯೊಂದರ ಮೇಲೆ ‘ಸಮಯ’, ‘ಊಹೆ’, ‘ಮರ್ಯಾದೆ’ ಎಂದು ಗುರುತು ಹಾಕಿ. ಸುದ್ದಿಯಲ್ಲಿ ಹೆಚ್ಚಿನವು ಸಮಯದವೇ ಸಿಗುತ್ತವೆ. ಸಂಪಾದಕೀಯದಲ್ಲಿ ಮತ್ತು ಓದುಗರ ಪತ್ರಗಳಲ್ಲಿ ಉಳಿದ ಎರಡನ್ನು ಹುಡುಕಿ.

## ಹಂತ 3: ಕ್ರಿಯಾಪದದ ಜಾತಿ ಗುರುತಿಸುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ತರಗತಿಗಳಲ್ಲಿ ಇದಕ್ಕೆ ಐದು ನಿಮಿಷವೂ ಸಿಗುವುದಿಲ್ಲ ಎಂಬುದು ನನ್ನ ದೊಡ್ಡ ತಕರಾರು.

ಕ್ರಿಯಾಪದಗಳಲ್ಲಿ ಎರಡು ಜಾತಿ. ಒಂದಕ್ಕೆ ಆರಂಭ, ಅಂತ್ಯ ಎಂಬ ಅಂಚುಗಳಿವೆ: ಪತ್ರ ಬರೆಯುವುದು, ಬಸ್ ಹತ್ತುವುದು, ಮನೆ ಕಟ್ಟುವುದು. ಇನ್ನೊಂದಕ್ಕೆ ಅಂಚೇ ಇಲ್ಲ: ಗೊತ್ತಿರುವುದು, ಬೇಕಿರುವುದು, ಸ್ವಂತದ್ದಾಗಿರುವುದು. ಪರೀಕ್ಷಿಸುವ ಬಗೆ ಸುಲಭ. ಆ ಕ್ರಿಯೆಯಿಂದ ಒಂದು ಕ್ಷಣವನ್ನು ಕತ್ತರಿಸಿ ತೆಗೆಯಿರಿ. ಆ ತುಣುಕೂ ಪೂರ್ತಿ ಕ್ರಿಯೆಯಂತೆಯೇ ಇದ್ದರೆ ಅದು ಅಂಚಿಲ್ಲದ್ದು. ಒಬ್ಬರನ್ನು ‘ಬಲ್ಲೆ’ ಎಂಬುದರ ಒಂದು ಕ್ಷಣವೂ ಬಲ್ಲುದೇ. ಪತ್ರ ಬರೆಯುವುದರ ಒಂದು ಕ್ಷಣದಲ್ಲಿ ಇರುವುದು ಅರ್ಧ ಅಕ್ಷರ.

ಈಗ ‘ಐ ನೋ’ ಸರಿ, ‘ಐ ಆ್ಯಮ್ ನೋಯಿಂಗ್’ ತಪ್ಪು ಏಕೆ ಎಂಬುದು ನಿಯಮವಾಗಿ ಉಳಿಯದೆ ಕಾರಣ ಸಮೇತ ತಿಳಿಯುತ್ತದೆ. ಸರಳ ವರ್ತಮಾನದ ರೂಪ ‘ಮಾತನಾಡುವ ಈ ಕ್ಷಣದಲ್ಲಿ ಕ್ರಿಯೆ ಪೂರ್ತಿಯಾಗಿ ಇದೆ’ ಎನ್ನುತ್ತದೆ. ಅಂಚಿಲ್ಲದ ಸ್ಥಿತಿಯ ಯಾವ ತುಣುಕೂ ಪೂರ್ತಿಯೇ ಆದ್ದರಿಂದ ಅದು ಈ ಕ್ಷಣದೊಳಗೆ ಹಿಡಿಸುತ್ತದೆ. ಅಂಚುಳ್ಳ ಘಟನೆ ಹಿಡಿಸುವುದಿಲ್ಲ. ‘ಐ ರೈಟ್ ಎ ಲೆಟರ್’ ಎಂದು ಹೇಳಿ ಮುಗಿಸುವುದರೊಳಗೆ ಪತ್ರ ಮುಗಿಯುವುದಿಲ್ಲ. ಹಾಗಾಗಿ ಘಟನೆಯ ಕ್ರಿಯಾಪದ ಸರಳ ವರ್ತಮಾನದಲ್ಲಿ ಬಂದಾಗ ಕೇಳುವವರು ಅದನ್ನು ‘ಈಗ’ ಎಂದು ತಿಳಿಯದೆ ರೂಢಿ ಎಂದು ತಿಳಿಯುತ್ತಾರೆ: “ಐ ರೈಟ್ ಲೆಟರ್ಸ್ ಎವ್ರಿ ಸಂಡೇ.” ಸದಾ ಹೀಗೇ ಇರುವ ಸಂಗತಿಗೂ ಇದೇ ರೂಪ: “ದ ವರದಾ ಜಾಯಿನ್ಸ್ ದ ತುಂಗಭದ್ರಾ ಎಟ್ ಗಳಗನಾಥ.”

ಘಟನೆ ಹೇಳುವ ಮಾತಿನಷ್ಟೇ ಚಿಕ್ಕದಾದರೆ? ಆಗ ಸರಳ ವರ್ತಮಾನಕ್ಕೆ ತಡೆಯಿಲ್ಲ. ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ “ಹಿ ಹಿಟ್ಸ್ ಇಟ್ ಫಾರ್ ಫೋರ್” ಎನ್ನುವುದು ಇದರಿಂದಲೇ. “ಐ ಪ್ರಾಮಿಸ್”, “ಐ ಅಪಾಲಜೈಸ್” ಎಂಬಲ್ಲಿ ಮಾತು ಮುಗಿದಾಗಲೇ ಕೆಲಸವೂ ಮುಗಿದಿರುತ್ತದೆ. ಪಟ್ಟಿಯಲ್ಲಿ ಇವು ಅಪವಾದಗಳಂತೆ ಕಾಣುತ್ತವೆ. ಇಲ್ಲಿ ಅವೂ ಅದೇ ನಿಯಮಕ್ಕೆ ಒಳಪಟ್ಟವು.

ಹಾಗಾದರೆ ತಪ್ಪು ಎಲ್ಲಿಂದ ಬರುತ್ತದೆ? ‘ನನಗೆ ಗೊತ್ತು’, ‘ನನಗೆ ಬೇಕು’ ಎಂಬಲ್ಲಿ ಕನ್ನಡವೂ ‘ಉತ್ತಿದೆ’ ಹಚ್ಚುವುದಿಲ್ಲ. ಅಪಾಯ ಬೇರೆ ಮೂರ್ನಾಲ್ಕು ಕ್ರಿಯಾಪದಗಳಲ್ಲಿದೆ: ‘ಅರ್ಥವಾಗುತ್ತಿಲ್ಲ’, ‘ಕಾಣುತ್ತಿದೆ’, ‘ಕೇಳಿಸುತ್ತಿದೆ’, ‘ಅನಿಸುತ್ತಿದೆ’. ಇವುಗಳಲ್ಲಿ ಕನ್ನಡ ‘ಆಗುವ’ ಪ್ರಕ್ರಿಯೆಯನ್ನು ನೋಡುತ್ತದೆ, ಇಂಗ್ಲಿಷ್ ನೆಲೆನಿಂತ ಸ್ಥಿತಿಯನ್ನು ನೋಡುತ್ತದೆ. ಆದ್ದರಿಂದ “ಐ ಡೋಂಟ್ ಅಂಡರ್‌ಸ್ಟ್ಯಾಂಡ್”, “ಐ ಕ್ಯಾನ್ ಸೀ ದ ಬೋರ್ಡ್”, “ಐ ಕ್ಯಾನ್ ಹಿಯರ್ ಯು”, “ಐ ಥಿಂಕ್ ಹಿ ಈಸ್ ರೈಟ್”. ಈ ನಾಲ್ಕನ್ನು ಬಾಯಿಗೆ ತಂದುಕೊಂಡರೆ ಫೋನ್ ಸಂದರ್ಶನದ ದೊಡ್ಡ ಪಾಲು ತಪ್ಪು ಕಡಿಮೆಯಾಗುತ್ತದೆ.

ಒಂದೇ ಪದ ಜಾತಿ ಬದಲಿಸುವುದೂ ಉಂಟು. “ಐ ಥಿಂಕ್” ಎಂದರೆ ಅಭಿಪ್ರಾಯ, “ಐ ಆ್ಯಮ್ ಥಿಂಕಿಂಗ್” ಎಂದರೆ ತಲೆ ಓಡಿಸುತ್ತಿರುವ ಕೆಲಸ. “ಹಿ ಈಸ್ ರೂಡ್” ಎಂದರೆ ಅವನ ಸ್ವಭಾವವೇ ಒರಟು. “ಹಿ ಈಸ್ ಬೀಯಿಂಗ್ ರೂಡ್” ಎಂದರೆ ಈ ಹೊತ್ತಿನ ವರ್ತನೆ ಒರಟು.

## ಹಂತ 4: ‘ಇಂಗ್’ ಎಂದರೆ ಒಳಗೆ ನಿಲ್ಲುವುದು

ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ನಟ್ಟನಡುವೆ ನಿಂತವನಿಗೆ ಅದರ ಎರಡು ತುದಿಗಳೂ ಕಣ್ಣಿಗೆ ಬೀಳುವುದಿಲ್ಲ. ಸುತ್ತಲಿನ ಒಂದಿಷ್ಟು ಜಾಗ ಮಾತ್ರ ಕಾಣುತ್ತದೆ. ನಕ್ಷೆ ಹಿಡಿದವನಿಗೆ ಎರಡೂ ತುದಿ ಒಟ್ಟಿಗೆ ಕಾಣುತ್ತವೆ. ‘ಇಂಗ್’ ರೂಪ ಮೊದಲನೆಯವನ ನೋಟ, ‘ಇಂಗ್’ ಇಲ್ಲದ ರೂಪ ಎರಡನೆಯವನದು.

ಇದರ ಫಲ ನೋಡಿ. “ಐ ಕ್ರಾಸ್ಡ್ ದ ರೋಡ್” ಎಂದರೆ ಆಚೆ ಬದಿ ತಲುಪಿದ್ದಾಯಿತು. “ಐ ವಾಸ್ ಕ್ರಾಸಿಂಗ್ ದ ರೋಡ್” ಎಂದರೆ ತಲುಪಿದ ಖಾತರಿ ಇಲ್ಲ. ನಡುವೆ ಏನೋ ಆಯಿತು ಎಂದು ಕೇಳುವವರು ಕಾಯುತ್ತಾರೆ. ಅಂಚಿಲ್ಲದ ಸ್ಥಿತಿಗೆ ‘ಇಂಗ್’ ಏಕೆ ಹತ್ತುವುದಿಲ್ಲ ಎಂಬುದೂ ಇಲ್ಲಿಯೇ ಗೊತ್ತಾಗುತ್ತದೆ: ಅಂಚೇ ಇಲ್ಲದ್ದರ ಅಂಚುಗಳನ್ನು ನೋಟದಿಂದ ಹೊರಗಿಡುವ ಅಗತ್ಯವಿಲ್ಲ.

ಒಳಗೆ ನಿಂತವನಿಗೆ ಅಂಚು ಕಾಣದಿದ್ದರೂ ಅದು ಇದೆ ಎಂದು ಗೊತ್ತು. ಅದಕ್ಕೇ ‘ಇಂಗ್’ ಹಚ್ಚಿದಾಗ ತಾತ್ಕಾಲಿಕ ಎಂಬ ಅರ್ಥ ಸೇರುತ್ತದೆ. ಹುಟ್ಟಿದಾಗಿನಿಂದ ಹುಬ್ಬಳ್ಳಿಯಲ್ಲೇ ಇರುವವರು “ಐ ಆ್ಯಮ್ ಲಿವಿಂಗ್ ಇನ್ ಹುಬ್ಬಳ್ಳಿ” ಎಂದರೆ ಕೇಳುವವರು ಮುಂದೆ ಎಲ್ಲಿಗೆ ಹೋಗುತ್ತೀರಿ ಎಂದುಕೊಳ್ಳುತ್ತಾರೆ. ಅವರು “ಐ ಲಿವ್” ಎನ್ನಬೇಕು. ಪರೀಕ್ಷೆಗೆಂದು ಹಾವೇರಿಯಿಂದ ಬಂದು ಧಾರವಾಡದ ಹಾಸ್ಟೆಲಿನಲ್ಲಿರುವವರು “ಐ ಆ್ಯಮ್ ಲಿವಿಂಗ್ ಇನ್ ಧಾರವಾಡ” ಎನ್ನುವುದು ಸರಿ.

## ಹಂತ 5: ‘ಹ್ಯಾವ್’ ಎಂದರೆ ಈಗ ನಿಂತು ಹಿಂದಕ್ಕೆ ನೋಡುವುದು

“ಹ್ಯಾವ್ ಕಂಪ್ಲೀಟೆಡ್” ಎಂಬುದರಲ್ಲಿ ‘ಹ್ಯಾವ್’ ವರ್ತಮಾನದ ರೂಪ. ಮಾತನಾಡುವವನು ಈಗಿನಲ್ಲಿ ನಿಂತಿದ್ದಾನೆ, ಘಟನೆ ಹಿಂದಿದೆ, ಅದರ ಫಲ ಕೈಯಲ್ಲಿದೆ. “ಐ ಹ್ಯಾವ್ ಲಾಸ್ಟ್ ಮೈ ಹಾಲ್ ಟಿಕೆಟ್” ಎಂದವಳ ಬಳಿ ಈಗಲೂ ಹಾಲ್ ಟಿಕೆಟ್ ಇಲ್ಲ. “ಐ ಲಾಸ್ಟ್ ಮೈ ಹಾಲ್ ಟಿಕೆಟ್” ಎಂದವಳಿಗೆ ಆಮೇಲೆ ಸಿಕ್ಕಿರಲೂಬಹುದು.

ಈಗಿನಲ್ಲಿ ನಿಂತವನು ‘ಯೆಸ್ಟರ್ಡೇ’, ‘ಇನ್ 2022’, ‘ಲಾಸ್ಟ್ ವೀಕ್’ ಎಂದೊಡನೆ ಕಾಲು ಎತ್ತಿ ಹಿಂದಿನ ದಿನಕ್ಕೆ ಇಟ್ಟಂತಾಗುತ್ತದೆ. ಒಂದೇ ವಾಕ್ಯದಲ್ಲಿ ಎರಡು ಕಡೆ ನಿಲ್ಲಲು ಇಂಗ್ಲಿಷ್ ಬಿಡುವುದಿಲ್ಲ. ಕನ್ನಡ ಬಿಡುತ್ತದೆ. ‘ಅವನು ನಿನ್ನೆ ಬಂದಿದ್ದಾನೆ’ ಎಂಬುದು ನಮ್ಮಲ್ಲಿ ಸರಿಯಾದ ವಾಕ್ಯ. ‘ಬಂದಿದ್ದಾನೆ’ ಎಂಬುದರೊಳಗೂ ‘ಇದ್ದಾನೆ’ ಎಂಬ ವರ್ತಮಾನವಿದ್ದರೂ ‘ನಿನ್ನೆ’ ತಕರಾರು ಮಾಡುವುದಿಲ್ಲ. ಸಂದರ್ಶನದ ಆ ತಪ್ಪು ಹುಟ್ಟುವುದು ಇಲ್ಲಿ. ‘ವೆನ್’ ಎಂದು ಪ್ರಶ್ನೆ ಬಂತೆಂದರೆ ಉತ್ತರದಲ್ಲಿ ‘ಹ್ಯಾವ್’ ಬೇಡ: “ಐ ಕಂಪ್ಲೀಟೆಡ್ ಇಟ್ ಇನ್ 2022.”

ಗದಗದ ಎರಡು ವಾಕ್ಯಗಳನ್ನು ಪಕ್ಕಪಕ್ಕ ಬರೆದು ದಿಟ್ಟಿಸಿ ನೋಡಿ. “ಗದಗ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1997.” “ಗದಗ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997.” ಮೊದಲನೆಯದರಲ್ಲಿ ‘ಆಗುವುದು’ ಅಂಚುಳ್ಳ ಘಟನೆ, ಅದು 1997ರಲ್ಲಿ ಮುಗಿದಿದೆ, ನೋಟವೂ ಅಲ್ಲಿಯೇ ಇದೆ. ಎರಡನೆಯದರಲ್ಲಿ ‘ಜಿಲ್ಲೆಯಾಗಿರುವುದು’ ಅಂಚಿಲ್ಲದ ಸ್ಥಿತಿ. ಅದು 1997ರಿಂದ ಹೊರಟು ಈ ಕ್ಷಣದವರೆಗೆ ಚಾಚಿದೆ, ನೋಡುವವನು ಈ ತುದಿಯಲ್ಲಿದ್ದಾನೆ. ಮೂರನೆಯ ಹಂತ ಇಲ್ಲಿ ಕೆಲಸಕ್ಕೆ ಬಂತು.

‘ಇಂದ’ ಎಂಬ ನಮ್ಮ ಪ್ರತ್ಯಯ ಎರಡು ತಪ್ಪುಗಳನ್ನು ಒಟ್ಟಿಗೆ ತರುತ್ತದೆ. ‘ನಾಲ್ಕು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದು “ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೋರ್ ಇಯರ್ಸ್” ಆಗುತ್ತದೆ. ಹಿಂದಿನಿಂದ ಈಗಿನವರೆಗೆ ಚಾಚಿದ್ದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾವ್’ ಬೇಕೇ ಬೇಕು. ಎಷ್ಟು ಉದ್ದ ಎಂದು ಹೇಳುವಾಗ ‘ಫಾರ್’, ಎಲ್ಲಿಂದ ಶುರು ಎಂದು ಹೇಳುವಾಗ ‘ಸಿನ್ಸ್’. “ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೋರ್ ಇಯರ್ಸ್.”

ಇನ್ನು ‘ಹ್ಯಾಡ್’. ಹೋಗಿ, ಕೆಲಸ ಮುಗಿಸಿ, ಮರಳಿ ಬಂದವರು ಕನ್ನಡದಲ್ಲಿ ‘ನಿನ್ನೆ ಬೆಂಗಳೂರಿಗೆ ಹೋಗಿದ್ದೆ’ ಎನ್ನುವುದು ಸಹಜ. ಅದೇ ‘ಇದ್ದೆ’ಯನ್ನು ‘ಹ್ಯಾಡ್’ ಮಾಡಿದರೆ ಇಂಗ್ಲಿಷ್ ಕೇಳುವವರ ಕಿವಿ ಇನ್ನೊಂದು ಘಟನೆಗಾಗಿ ಕಾಯುತ್ತದೆ. ‘ಹ್ಯಾಡ್’ಗೆ ಹಿಂದಿನ ಕಾಲದಲ್ಲೇ ನಿಲ್ಲಲು ಒಂದು ಜಾಗ ಬೇಕು, ಅಲ್ಲಿಂದ ಇನ್ನೂ ಹಿಂದಕ್ಕೆ ನೋಡಬೇಕು: “ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್.” ನಿಲ್ಲುವ ಜಾಗ ಇಲ್ಲದಿದ್ದರೆ “ಐ ವೆಂಟ್ ಟು ಬೆಂಗಳೂರು ಯೆಸ್ಟರ್ಡೇ” ಸಾಕು.

ಅಮೆರಿಕನ್ ಸಿನಿಮಾ, ಸರಣಿ ನೋಡುವವರಿಗೆ ಒಂದು ಮಾತು: “ಐ ಆಲ್ರೆಡಿ ಏಟ್” ಎಂಬಂಥ ವಾಕ್ಯಗಳು ಅಲ್ಲಿ ಸಾಮಾನ್ಯ. ತಪ್ಪಲ್ಲ. ನಿಮ್ಮ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ “ಐ ಹ್ಯಾವ್ ಆಲ್ರೆಡಿ ಈಟನ್” ಎಂದೇ ಬರೆಯಿರಿ.

## ಹಂತ 6: ಮುಂದಿನದನ್ನು ಹೇಳುವುದು

ಇದು ಬೇಗ ಮುಗಿಯುತ್ತದೆ. ನಮ್ಮ ‘ಮಾಡುತ್ತೇನೆ’ ದಿನನಿತ್ಯದ್ದಕ್ಕೂ ನಾಳಿನದಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಮುಂದಿನದಕ್ಕೆ ರೂಪ ಆರಿಸುವ ಮೊದಲು ನಿಮ್ಮ ಕೈಯಲ್ಲಿ ಈಗ ಏನಿದೆ ಎಂದು ನೋಡಿಕೊಳ್ಳಿ. ವೇಳಾಪಟ್ಟಿ ಇದ್ದರೆ “ದ ಟ್ರೈನ್ ಲೀವ್ಸ್ ಎಟ್ ಸಿಕ್ಸ್”. ಮೊದಲೇ ಮಾತಾಗಿದ್ದರೆ “ಐ ಆ್ಯಮ್ ಮೀಟಿಂಗ್ ಹಿಮ್ ಟುಮಾರೊ”. ನೃಪತುಂಗ ಬೆಟ್ಟದ ಮೇಲೆ ಮೋಡ ಕಟ್ಟಿದ್ದು ಕಣ್ಣಿಗೆ ಕಾಣುತ್ತಿದ್ದರೆ “ಇಟ್ ಈಸ್ ಗೋಯಿಂಗ್ ಟು ರೇನ್”. ಇವಾವುದೂ ಇಲ್ಲದೆ ನಿಮ್ಮ ಅಂದಾಜು ಅಥವಾ ಈಗಷ್ಟೇ ಮಾಡಿದ ತೀರ್ಮಾನ ಮಾತ್ರ ಇದ್ದರೆ ‘ವಿಲ್’.

## ಹಂತ 7: ಒಂದು ದೃಶ್ಯವನ್ನು ಪೂರ್ತಿ ಹೇಳುವುದು

ಬಿಡಿ ವಾಕ್ಯಗಳಲ್ಲಿ ಗೆದ್ದವರು ಕಥನದಲ್ಲಿ ಸೋಲುತ್ತಾರೆ. ಆದ್ದರಿಂದ ಕಣ್ಣಾರೆ ಕಂಡ ಒಂದು ದೃಶ್ಯ ಆರಿಸಿಕೊಳ್ಳಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಬೆಳಗನ್ನೇ ತೆಗೆದುಕೊಳ್ಳೋಣ.

ಮೊದಲು ಬೆನ್ನೆಲುಬು ಬರೆಯಿರಿ, ಒಂದಾದ ಮೇಲೊಂದು ನಡೆದ ಘಟನೆಗಳು, ಎಲ್ಲವೂ ಸರಳ ಭೂತ: “ಐ ಎಂಟರ್ಡ್ ದ ಯಾರ್ಡ್. ಎ ಪೋರ್ಟರ್ ಓಪನ್ಡ್ ಎ ಬ್ಯಾಗ್. ಐ ಸ್ನೀಝ್ಡ್.” ಆಮೇಲೆ ನೀವು ಒಳಬಂದಾಗ ನಡುವಿನಲ್ಲಿದ್ದ ಕೆಲಸ ಸೇರಿಸಿ: “ಟ್ರೇಡರ್ಸ್ ವರ್ ಚೆಕಿಂಗ್ ದ ಕಲರ್.” ಆಮೇಲೆ ನೀವು ಬರುವ ಮೊದಲೇ ಮುಗಿದದ್ದು: “ದ ಫಾರ್ಮರ್ಸ್ ಹ್ಯಾಡ್ ಅನ್‌ಲೋಡೆಡ್ ದೇರ್ ಬ್ಯಾಗ್ಸ್.” ಕೊನೆಗೆ ಅಂದೂ ಇಂದೂ ನಿಜವಾದದ್ದು, ಅದಕ್ಕೆ ಸರಳ ವರ್ತಮಾನ: “ಬ್ಯಾಡಗಿ ಚಿಲ್ಲಿ ಹ್ಯಾಸ್ ಎ ಡೀಪ್ ರೆಡ್ ಕಲರ್.” ಇಸವಿ ಹೇಳುವುದಿದ್ದರೆ ಮತ್ತೆ ಭೂತಕ್ಕೆ ಹೋಗಬೇಕು: “ಇಟ್ ಗಾಟ್ ದ ಜಿಐ ಟ್ಯಾಗ್ ಇನ್ 2011.”

ಈಗ ಪುಸ್ತಕ ಮುಚ್ಚಿ, ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತ ಅದನ್ನೇ ಹೇಳಿ. ಮರುದಿನ ಕೇಳಿ. ಅದೇ ದಿನ ಕೇಳಿದರೆ ನೆನಪು ತಪ್ಪುಗಳನ್ನು ಮುಚ್ಚಿಬಿಡುತ್ತದೆ.

## ದಾರಿ ತಪ್ಪುತ್ತಿರುವುದರ ಗುರುತುಗಳು

ಮುದ್ರಿಕೆಯಲ್ಲಿ ಪ್ರತಿ ಕ್ರಿಯಾಪದಕ್ಕೂ ಮೊದಲು ಅರೆಗಳಿಗೆ ನಿಲ್ಲುತ್ತಿದ್ದೀರಾದರೆ ಕನ್ನಡ ವಾಕ್ಯ ಮೊದಲು ಬಂದು ಅದರ ಪ್ರತ್ಯಯಕ್ಕೆ ಜೋಡಿ ಹುಡುಕುತ್ತಿದ್ದೀರಿ. ದೃಶ್ಯವನ್ನು ಕಣ್ಣ ಮುಂದೆ ತಂದುಕೊಂಡು ಮತ್ತೆ ಹೇಳಿ.

‘ಇಂಗ್’ ಎಲ್ಲೆಡೆ ಕೇಳಿಸಿದರೆ ಮೂರನೆಯ ಹಂತಕ್ಕೆ ಮರಳಿ. ‘ಹ್ಯಾಡ್’ ಪದೇ ಪದೇ ಕೇಳಿಸಿದರೆ ಪ್ರತಿಯೊಂದರ ಮುಂದೆ ‘ಯಾವುದಕ್ಕಿಂತ ಮೊದಲು?’ ಎಂದು ಬರೆಯಿರಿ. ಉತ್ತರ ಇಲ್ಲದ ಕಡೆಯೆಲ್ಲ ಹೊಡೆದು ಹಾಕಿ. ಕಥೆಯ ನಡುವೆ ಕಾರಣವಿಲ್ಲದೆ ಭೂತದಿಂದ ವರ್ತಮಾನಕ್ಕೆ ಜಾರಿದ್ದರೆ ಬೆನ್ನೆಲುಬಿನ ಸಾಲುಗಳನ್ನಷ್ಟೇ ಮತ್ತೆ ಹೇಳಿ, ಉಳಿದವನ್ನು ಆಮೇಲೆ ಸೇರಿಸಿ.

ಇನ್ನೊಂದು ಗುರುತನ್ನು ಹೆಚ್ಚಿನವರು ತಪ್ಪಾಗಿ ಓದುತ್ತಾರೆ. ಅಭ್ಯಾಸ ಶುರುವಾದ ಮೇಲೆ ಕೆಲವು ದಿನ ಮಾತಿನ ವೇಗ ಕುಸಿಯುತ್ತದೆ, ಮೊದಲು ಸಲೀಸಾಗಿ ಬರುತ್ತಿದ್ದ ವಾಕ್ಯವೂ ತಡವರಿಸುತ್ತದೆ. ಅದನ್ನು ಕಂಡು ಹೆದರಿ ಪಟ್ಟಿ ತೆರೆಯಬೇಡಿ. ಸಂದರ್ಶನ ಅಥವಾ ಪರೀಕ್ಷೆ ಇದೇ ವಾರದಲ್ಲಿದ್ದರೆ ಮಾತ್ರ ಈ ಅಭ್ಯಾಸವನ್ನು ಮುಂದೂಡಿ, ಮೂರನೆಯ ಹಂತದ ನಾಲ್ಕು ವಾಕ್ಯಗಳನ್ನೂ ಐದನೆಯ ಹಂತದ ‘ವೆನ್’ ಪ್ರಶ್ನೆಯ ಉತ್ತರವನ್ನೂ ಗಟ್ಟಿ ಮಾಡಿಕೊಂಡು ಹೋಗಿ.